ಪ್ಲಗ್ ಮೇಡಂ ನಿಜ ಹೇಳಿದ್ದು

ಪ್ಲಗ್ ಮೇಡಂ ಹುಟ್ಟಿನಿಂದಲೇ ಪ್ಲಗ್ ಮೇಡಂ ಆಗಿರಲಿಲ್ಲ. ಹೋದ ವರ್ಷದ ತನಕ ಬರೀ ಲೆಕ್ಕದ ಮೇಡಂ. ಒಂದು ಮಧ್ಯಾಹ್ನ ಹೆಡ್ಮಾಸ್ಟರ ಕಂಪ್ಯೂಟರ್ ಕಣ್ಣು ಮುಚ್ಚಿತೆಂದು ಇಡೀ ಸ್ಟಾಫ್ ರೂಮು ಸುತ್ತ ನಿಂತು ಮರುಗುತ್ತಿದ್ದಾಗ, ಇವರು ಬಗ್ಗಿ ಮೇಜಿನ ಕೆಳಗೆ ಸಡಿಲಾಗಿದ್ದ ಪ್ಲಗ್ಗನ್ನು ಒತ್ತಿದರು. ಯಂತ್ರ ಎದ್ದು ಕೂತಿತು. ಅವರು ಮಾಡಿದ ತಪ್ಪು ಅದೊಂದೇ. ಕೆಲವೇ ದಿನಗಳಲ್ಲಿ ಶಾಲೆಗೆ ತಂತ್ರಜ್ಞಾನ ಯೋಜನೆ ಬಂತು, ಅದಕ್ಕೊಬ್ಬ ಸಂಚಾಲಕರು ಬೇಕೆಂದು ಮೇಲಿನಿಂದ ಆಜ್ಞೆಯಾಯಿತು, ಹೆಡ್ಮಾಸ್ಟರ ಬೆರಳು ನೇರ ಇವರತ್ತ ತಿರುಗಿತು. ತಂತ್ರ ಅವರದು, ಜ್ಞಾನ ಇವರದು.

ಹೀಗೆ ಗಣಿತದವರು ಗಣಕದವರಾದರು. ಕೆಳಗಿನ ತರಗತಿಗಳ ಲೆಕ್ಕವೆಲ್ಲ ಒಂದೊಂದಾಗಿ ಬೇರೆಯವರ ಪಾಲಾಯಿತು. ಉಳಿದದ್ದು ಎಂಟನೆಯ ಕ್ಲಾಸಿನ ಒಂದೇ ಪೀರಿಯಡ್. ಮೇಡಂ ದಿನವಿಡೀ ಉಸಿರು ಹಿಡಿದಿದ್ದು, ಆ ಪೀರಿಯಡ್ಡಿನಲ್ಲಿ ಬಿಡುತ್ತಿದ್ದರು. ಮಿಕ್ಕ ಹೊತ್ತೆಲ್ಲ ಅವರಿರುತ್ತಿದ್ದುದು, ಮೊದಲು ಮುರಿದ ಬೆಂಚುಗಳ ಉಗ್ರಾಣವಾಗಿದ್ದು ಈಗ ಸ್ಮಾರ್ಟ್ ರೂಮ್ ಎಂದು ಬೋರ್ಡು ತಗುಲಿಸಿಕೊಂಡ ಕೋಣೆಯಲ್ಲಿ. ಕಿಟಕಿ ಇಲ್ಲ. ಯೋಜನೆಯಲ್ಲಿ ಬಂದ ಟ್ಯಾಬ್ಲೆಟ್‌ಗಳಿಗೆ ಧೂಳು ಹಿಡಿಯುತ್ತದೆಂದು ಫ್ಯಾನ್ ಹಾಕುವಂತಿಲ್ಲ, ಕಳುವಾಗುತ್ತವೆಂದು ಬಾಗಿಲು ತೆರೆದಿಡುವಂತಿಲ್ಲ.

ಅಷ್ಟರಲ್ಲಿ ಯೋಜನೆ ಹೇಗೆ ನಡೆಯುತ್ತಿದೆ ಎಂದು ನೋಡಲು ಮೌಲ್ಯಮಾಪಕರು ಬರುತ್ತಾರೆಂಬ ಸುದ್ದಿ ಬಂತು.

"ಎಲ್ಲಾ ಲಕಲಕ ಅಂತಿರಬೇಕು ಮೇಡಂ," ಎಂದರು ಹೆಡ್ಮಾಸ್ಟರು.

ಮನೆಯಲ್ಲಿ ಅತ್ತೆ ಇದನ್ನು ಕೇಳಿ ಕನ್ನಡಕ ತೆಗೆದರು. "ಲಕಲಕ ಅಂದ್ರೆ ಇನ್ನಷ್ಟು ತಗುಲಿಸ್ತಾರೆ ಕಣೇ. ಮದುವೆಯಾದ ಹೊಸದ್ರಲ್ಲಿ ನಾನು ಒಂದೇ ಒಂದು ಷರ್ಟು ಚೆನ್ನಾಗಿ ಇಸ್ತ್ರಿ ಮಾಡಿದ್ದು. ನಿಮ್ಮ ಮಾವ ಇರೋ ತನಕ ಇಸ್ತ್ರಿಪೆಟ್ಟಿಗೆ ನನ್ನ ಕೈ ಬಿಡ್ಲಿಲ್ಲ. ಇರೋದನ್ನ ಇರೋ ಹಾಗೇ ಹೇಳ್ಬಿಡು. ಇವಳಿಂದ ಆಗಲ್ಲ ಅಂತ ಅವರೇ ಬಿಡ್ತಾರೆ."

ಮಾತು ಮೇಡಂಗೆ ಹಿಡಿಸಿತು. ಯೋಜನೆ ಕುಂಟುತ್ತಿದೆ ಎಂದು ಗೊತ್ತಾದರೆ ಅದನ್ನು ನಿಲ್ಲಿಸುತ್ತಾರೆ, ಇಲ್ಲವೇ ಬೇರೆಯವರಿಗೆ ಕೊಡುತ್ತಾರೆ. ಎರಡರಲ್ಲಿ ಯಾವುದಾದರೂ ತಮಗೆ ಲೆಕ್ಕ ವಾಪಸ್.

ಮೌಲ್ಯಮಾಪಕರು ಮೆತ್ತಗೆ ಮಾತಾಡುವ ಹುಡುಗ. "ಹೆದರಬೇಡಿ ಮೇಡಂ. ಇದು ಪಾಸು ಫೇಲಿನ ಪರೀಕ್ಷೆ ಅಲ್ಲ, ರೂಪಣಾತ್ಮಕ ಮೌಲ್ಯಮಾಪನ. ಟೈಲರು ಪೂರ್ತಿ ಹೊಲಿಯೋ ಮುಂಚೆ ಒಂದ್ಸಲ ಹಾಕಿ ನೋಡ್ತಾನಲ್ಲ, ಹಾಗೆ. ಎಲ್ಲಿ ಬಿಗಿ, ಎಲ್ಲಿ ಸಡಿಲ ಅಂತ ಹೇಳಿದ್ರೆ ಈಗ್ಲೇ ಸರಿ ಮಾಡಬಹುದು."

"ಕುತ್ತಿಗೆ ಹತ್ರ ತುಂಬಾ ಬಿಗಿ," ಎಂದರು ಮೇಡಂ.

ಹುಡುಗ ನಕ್ಕು, ಕುರ್ಚಿ ಎಳೆದುಕೊಂಡು ಕೂತ. ಮೇಡಂ ಶುರುಮಾಡಿದರು. ಒಂದು ಟ್ಯಾಬ್ಲೆಟ್ಟಿಗೆ ಮೂರು ಮಕ್ಕಳು. ಒಬ್ಬಳು ಒತ್ತುತ್ತಾಳೆ, ಒಬ್ಬ ನೋಡುತ್ತಾನೆ, ಇನ್ನೊಬ್ಬ ಆಕಳಿಸುತ್ತಾನೆ. ಆಫೀಸಿನವರು ಇಂಟರ್ನೆಟ್ ಬಿಟ್ಟುಕೊಟ್ಟಾಗ ಮಾತ್ರ ಪಾಠದ ವೀಡಿಯೊ ಓಡುತ್ತದೆ. ಭಿನ್ನರಾಶಿಯ ಆಟವಂತೂ, ತಪ್ಪು ಉತ್ತರವನ್ನೇ ಒತ್ತುತ್ತಿದ್ದರೂ ಕೊನೆಗೆ ಬೇಸತ್ತು ನಕ್ಷತ್ರ ಕೊಡುತ್ತದೆ; ಮಕ್ಕಳು ಕಂಡುಕೊಂಡದ್ದು ಅದೊಂದನ್ನೇ. "ಅರ್ಧ, ಕಾಲು ಯಾರಿಗೂ ಗೊತ್ತಿಲ್ಲ ಸಾರ್, ನಕ್ಷತ್ರ ಮಾತ್ರ ರಾಶಿ ರಾಶಿ. ಖಗೋಳಶಾಸ್ತ್ರ ಅಂತ ಹೆಸರಿಟ್ಟಿದ್ರೆ ಯೋಜನೆ ಗೆದ್ದೇ ಬಿಡ್ತಿತ್ತು."

ಆಮೇಲೆ ಮಕ್ಕಳು ಬಂದು ಕೂತರು. ಸ್ವಲ್ಪ ಹೊತ್ತಿಗೆ ಸ್ಕ್ರೀನುಗಳೆಲ್ಲ ಗರಬಡಿದು ನಿಂತವು. ಮಕ್ಕಳು ಅಭ್ಯಾಸದಂತೆ ಕೈಕಟ್ಟಿ ಮೇಡಂ ಮುಖ ನೋಡಿದರು. ಮೇಡಂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು. ಬಾಗಿಲಲ್ಲಿ ಹೆಡ್ಮಾಸ್ಟರು ಕೆಮ್ಮಿದರು, ಮತ್ತೆ ಕೆಮ್ಮಿದರು. ಮೇಡಂ ಅಲುಗಲಿಲ್ಲ.

"ಮೇಡಂ, ಹುಷಾರಿಲ್ವಾ?" ಎಂದಳು ಮುಂದಿನ ಬೆಂಚಿನ ಹುಡುಗಿ.

"ನೋಡಿದ್ರಾ ಸಾರ್?" ಎಂದರು ಮೇಡಂ. "ಇಲ್ಲಿ ಓಡ್ತಿರೋದು ಟೆಕ್ನಾಲಜಿ ಅಲ್ಲ, ನಾನು. ನನ್ನ ಲೆಕ್ಕದ ಕ್ಲಾಸುಗಳು ನನಗೆ ಬೇಕು. ಇದನ್ನೂ ಬರ್ಕೊಳ್ಳಿ."

"ಖಂಡಿತ ಬರೀತೀನಿ. ಇಷ್ಟು ಸ್ಪಷ್ಟವಾಗಿ ಯಾವ ಶಾಲೇಲೂ ಯಾರೂ ಹೇಳಿಲ್ಲ ಮೇಡಂ," ಎಂದ ಹುಡುಗ. ಅವನ ಕಣ್ಣಲ್ಲಿ ನಿಜವಾದ ಗೌರವವಿತ್ತು. ಅಂದು ಸಂಜೆ ಮೇಡಂ ಗುನುಗಿಕೊಂಡು ಮನೆಗೆ ಹೋದರು.

ವರದಿ ಬಂದಾಗ ಹೆಡ್ಮಾಸ್ಟರು ಕರೆದು ಓದಿದರು. ಹುಡುಗ ಮಾತಿಗೆ ತಪ್ಪಿರಲಿಲ್ಲ. ಆಕಳಿಕೆ, ನಕ್ಷತ್ರ, ಕೈಕಟ್ಟಿದ ಮಕ್ಕಳು, ಎಲ್ಲವೂ ಇತ್ತು. ಕೊನೆಗೆ ಕಾರಣವನ್ನೂ ಪರಿಹಾರವನ್ನೂ ಬರೆದಿದ್ದ: ಸಂಚಾಲಕರ ಗಮನ ಪಾಠಕ್ಕೂ ಯೋಜನೆಗೂ ಹಂಚಿಹೋಗಿದೆ, ಇದರ ಲೋಪದೋಷಗಳನ್ನು ಇಷ್ಟು ಚೆನ್ನಾಗಿ ಬಲ್ಲವರು ಬೇರೊಬ್ಬರಿಲ್ಲ, ಆದ್ದರಿಂದ ಅವರನ್ನು ಪಾಠದಿಂದ ಪೂರ್ತಿ ಬಿಡುಗಡೆ ಮಾಡತಕ್ಕದ್ದು. ಲೆಕ್ಕದ ಕ್ಲಾಸು ಕೇಳಿದ್ದನ್ನು 'ಬೋಧನೆಯ ಮೇಲಿನ ಅಪಾರ ಪ್ರೀತಿ' ಎಂದು ಅವರ ಗುಣಗಳಲ್ಲಿ ಸೇರಿಸಿದ್ದ.

"ಸಾರ್, ನಾನು ಕೇಳಿದ್ದು ಇದರಿಂದ ಬಿಡಿ ಅಂತ."

"ಬಿಡುಗಡೆ ಅಂತಾನೇ ಬರೆದಿದ್ದಾರಲ್ಲ ಮೇಡಂ!"

"ಎಂಟನೇ ಕ್ಲಾಸು?"

"ಡ್ರಿಲ್ ಮೇಷ್ಟ್ರು ನೋಡ್ಕೋತಾರೆ. ಎಣಿಸೋಕೆ ಅವರಿಗೂ ಬರುತ್ತೆ."

"ನನ್ನಿಂದ ಆಗಲ್ಲ ಅಂದ್ರೆ?"

ಹೆಡ್ಮಾಸ್ಟರು ವರದಿ ಮಡಚಿದರು. ಈಗ ಅವರ ದನಿಯಲ್ಲಿ ತಮಾಷೆ ಇರಲಿಲ್ಲ. "ಯಾಕೆ ಆಗಲ್ಲ ಅಂತ ವಿಚಾರಿಸೋಕೆ ಅದೇ ಹುಡುಗ ಮತ್ತೆ ಬರ್ತಾನೆ. ನೀವು ಮತ್ತೆ ಇಷ್ಟೇ ಚೆನ್ನಾಗಿ ಹೇಳ್ತೀರಿ. ಆಮೇಲೆ?"



ಮರುದಿನ ಎಂಟನೆಯವರ ಲೆಕ್ಕದ ಬೆಲ್ ಹೊಡೆದಾಗ ಮೇಡಂ ಕಾಲುಗಳು ಯಾರನ್ನೂ ಕೇಳದೆ ಮೆಟ್ಟಿಲು ಹತ್ತಿದವು. ಹಿಂದಿನ ದಿನ ಅವರು ಅರ್ಧಕ್ಕೆ ಬಿಟ್ಟಿದ್ದ ಸಮೀಕರಣ ಬೋರ್ಡಿನ ಮೇಲೆ ಇನ್ನೂ ಸ್ವಲ್ಪ ಉಳಿದಿತ್ತು. ಡ್ರಿಲ್ ಮೇಷ್ಟ್ರು ಅದನ್ನು ಕೆಳಗಿನಿಂದ ಮೇಲಕ್ಕೆ ಒರೆಸುತ್ತಿದ್ದರು. ಎಂಟನೆಯವರು ಸಾಲಾಗಿ ನಿಂತು ಕವಾಯತಿನ ದನಿಯಲ್ಲಿ ಎರಡರ ಮಗ್ಗಿ ಒದರುತ್ತಿದ್ದರು. ಕೊನೆಯ ಸಾಲಿನವಳೊಬ್ಬಳು ಮೇಡಂ ಅವರನ್ನು ನೋಡಿ ಮಗ್ಗಿ ನಿಲ್ಲಿಸಿದಳು. ಮೇಡಂ ಬಾಯಿ ತೆರೆದರು.

"ಮೇಡಂ! ಎಲ್ಲಾ ನಿಂತ್ಹೋಯ್ತು!" ಎಂದು ಕೆಳಗೆ ಸ್ಮಾರ್ಟ್ ರೂಮಿನಿಂದ ಕೂಗು ಬಂತು.

"ಬಂದೆ, ಬಂದೆ," ಎನ್ನುತ್ತ ಮೇಡಂ ಮೆಟ್ಟಿಲಿಳಿದರು.