ಬ್ಯಾರನ್ನಿನಲ್ಲಿ ಬೆಂದ ಹಾರ್ಮೋನಿಯಂ

ಆಗೆಲ್ಲ ನಮ್ಮ ಕಡೆ ಆಗಸ್ಟ್ ಬಂತೆಂದರೆ ಊರಿಗೆ ಊರೇ ಹೊಗೆಸೊಪ್ಪಿನ ವಾಸನೆ ಹೊಡೆಯುತ್ತಿತ್ತು. ಪಿರಿಯಾಪಟ್ಟಣ ತಾಲ್ಲೂಕು, ರಾವಂದೂರು ಹತ್ತಿರದ ಊರು ನಮ್ಮದು. ನಿಮ್ಮಲ್ಲಿ ಯಾರಾದರೂ ಆ ಕಡೆಯವರಿದ್ದರೆ ಇಷ್ಟು ಓದುವಷ್ಟರಲ್ಲೇ ಮೂಗು ಅರಳಿಸಿರುತ್ತೀರಿ, ನನಗೆ ಗೊತ್ತು. ಹಸಿ ಎಲೆಯ ಘಾಟು ತಲೆ ತಿರುಗಿಸುತ್ತದೆ. ಬೆಂದ ಎಲೆಯದು ಬೆಲ್ಲದ ಪಾಕದ ಹಾಗೆ ಸಿಹಿಸಿಹಿ. ಬೆಳಿಗ್ಗೆ ಹೊಲದಲ್ಲಿ ಸೊಪ್ಪು ಮುರಿಯೋದು, ಮಧ್ಯಾಹ್ನ ಜಗುಲಿಯಲ್ಲಿ ಕೂತು ಕಡ್ಡಿಗೆ ಕಟ್ಟೋದು, ಕಟ್ಟಿದ್ದನ್ನು ಬ್ಯಾರನ್ನಿಗೆ ಏರಿಸೋದು. ಬ್ಯಾರನ್ ಅಂದರೆ ಎರಡಾಳೆತ್ತರದ ಇಟ್ಟಿಗೆ ಕೋಣೆ. ಹೊರಗಿನ ಒಲೆಗೆ ಬೆಂಕಿ ಹಾಕಿದರೆ ಒಳಗೆ ನೆಲದ ಮೇಲಿನ ತಗಡಿನ ಕೊಳವೆಗಳು ಕಾದು, ಮೇಲೆ ತೂಗುಬಿಟ್ಟ ಎಲೆ ಐದಾರು ದಿನ ಹದವಾಗಿ ಬೇಯುತ್ತದೆ. ಆ ತಿಂಗಳು ಸ್ಕೂಲಿಗೆ ಚಕ್ಕರ್ ಹೊಡೆದರೂ ಮನೆಯಲ್ಲಿ ಯಾರೂ ಕೇಳುತ್ತಿರಲಿಲ್ಲ. ಹೋಗ್ತೀನಿ ಅಂದರೇ ಬೈಗುಳ.

ಅಂಥ ತಿಂಗಳಲ್ಲಿ ಶ್ರೀಕಂಠಪ್ಪ ಮೇಷ್ಟ್ರು ನಮ್ಮನ್ನು ಕಟ್ಟಿಕೊಂಡು ಆರ್ಕೆಸ್ಟ್ರಾ ಮಾಡಲು ಹೊರಟಿದ್ದರು.

ನಾನಾಗ ಒಂಬತ್ತನೇ ಕ್ಲಾಸು. ಮೇಷ್ಟ್ರು ಕೆ.ಆರ್. ನಗರದ ಕಡೆಯವರು, ನಮ್ಮ ಹೈಸ್ಕೂಲಿಗೆ ಸಂಗೀತ ಹೇಳಿಕೊಡಲು ಬಂದವರು. ಬಿಳಿ ಅಂಗಿ, ಎಣ್ಣೆ ಹಚ್ಚಿ ಹಿಂದಕ್ಕೆ ಬಾಚಿದ ಕೂದಲು, ಹಾರ್ಮೋನಿಯಂ ಹೊತ್ತು ಹೊತ್ತು ಒಂದು ಕಡೆ ತಗ್ಗಿಹೋದ ಭುಜ. ಆ ಪೆಟ್ಟಿಗೆ ಅವರಪ್ಪನದು. ಅವರಪ್ಪ ಅದನ್ನಿಟ್ಟುಕೊಂಡು ಊರೂರ ನಾಟಕಗಳಿಗೆ ನುಡಿಸುತ್ತಿದ್ದರಂತೆ. ಸ್ಕೂಲಿಗೆ ಬೇರೆ ಹಾರ್ಮೋನಿಯಂ ಎಲ್ಲಿತ್ತು, ಮೇಷ್ಟ್ರು ಅದನ್ನೇ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಿದ್ದರು.

ಹದಿನಾಲ್ಕು ಜನರನ್ನು ಆರಿಸಿಕೊಂಡರು. ಆರಿಸಿದ ರೀತಿಯೇ ತಮಾಷೆ. ದಿನಾ ಯಾರಿಗಾದರೂ ಗುದ್ದಿ ಹೆಡ್ ಮೇಷ್ಟ್ರ ಮುಂದೆ ನಿಲ್ಲುತ್ತಿದ್ದ ಮಂಜನನ್ನು ಕರೆದು, "ನಿನ್ನ ಕೈಗೆ ಕೆಲಸ ಬೇಕು ಕಣೋ" ಅಂತ ದೊಡ್ಡ ಡ್ರಮ್ಮು ಕೊಟ್ಟರು. ಕ್ಲಾಸಿನಲ್ಲಿ ಪಿಸುಪಿಸು ಮಾತಾಡುವ ಐದು ಜನಕ್ಕೆ ಕೊಳಲು. ನಾನು ಒಂದು ಸಲ ಕೇಳಿದ್ದನ್ನು ಹಾಗೇ ಗುನುಗುತ್ತಿದ್ದೆ ಅಂತ ನನಗೆ ಹಾರ್ಮೋನಿಯಂ. ಮೋಹನ ರಾಗದಲ್ಲಿ ತಾವೇ ಒಂದು ನಡೆ, ಅಂದರೆ ಮಾತಿಲ್ಲದ ವಾದ್ಯದ ಧಾಟಿ, ಕಟ್ಟಿದ್ದರು. ಎದುರಿಗೆ ನಿಂತು ಎರಡು ಕೈ ಎತ್ತಿದರೆ ಮಂಜ ಕೂಡ ಉಸಿರು ಬಿಗಿಹಿಡಿಯುತ್ತಿದ್ದ. ಕೊಳಲಿನವರು ಜೋರಾದರೆ ಎಡಗಡೆಯ ಹುಬ್ಬು ಮೇಲೇರುತ್ತಿತ್ತು. ನಾನು ತಾಳ ಮೀರಿ ಓಡಿದರೆ ಬಲಗಡೆಯದು. ಒಂದೊಂದು ದಿನ ಎರಡೂ ಹುಬ್ಬು ಮೇಲೇ ಇರುತ್ತಿದ್ದವು ಬಿಡಿ.

ಆಗಸ್ಟ್ ಹದಿನೈದಕ್ಕೆ ಪಿರಿಯಾಪಟ್ಟಣದ ಮೈದಾನದಲ್ಲಿ ತಾಲ್ಲೂಕಿನ ಎಲ್ಲ ಸ್ಕೂಲುಗಳ ಎದುರು ನಾವು ನುಡಿಸಬೇಕಿತ್ತು. ಅಷ್ಟರಲ್ಲಿ ಮಂಜ ಆಫೀಸು ರೂಮಿನಿಂದ ಸುದ್ದಿ ಹೊತ್ತು ತಂದ. "ಲೇ ಸವಿತಾ, ಅಲ್ಲಿ ನಾವು ಪ್ರೈಜ್ ತಂದ್ರೆ ಸಂಗೀತದ ಪೀರಿಯಡ್ ಇರ್ತದಂತೆ. ಇಲ್ದಿದ್ರೆ ಮುಂದಿನ ವರ್ಸ ಅದ್ನ ಗಣಿತಕ್ಕೆ ಕೊಡ್ತಾರಂತೆ ಕಣೆ. ಮೇಷ್ಟ್ರನ್ನೂ ಕಳಿಸ್ತಾರಂತೆ." ಹದಿನಾಲ್ಕು ಜನವೂ ಸಪ್ಪಗಾದೆವು. ಗೆಲ್ಲಲೇಬೇಕು ಅಂತ ಮಂಜ ಎಲ್ಲರಿಂದಲೂ ತಲೆ ಮುಟ್ಟಿಸಿ ಆಣೆ ಹಾಕಿಸಿದ.

ಆಣೆ ಹಾಕಿ ಏನು ಬಂತು? ಸೊಪ್ಪು ಹಣ್ಣಾಗಿತ್ತು. ಮಾರನೇ ವಾರವೇ ಒಂಬತ್ತು ಜನ ನಾಪತ್ತೆ, ಅದರಲ್ಲಿ ನಾನೂ ಒಬ್ಬಳು. ಮೇಷ್ಟ್ರು ಯಾರನ್ನೂ ಬೈಯಲಿಲ್ಲ. ಯಾರದ್ದೋ ಸೈಕಲ್ ಇಸಕೊಂಡು ಮನೆಮನೆಗೆ ಬಂದುಬಿಟ್ಟರು. ತುಂತುರು ಮಳೆ, ಮೊಣಕಾಲ ತನಕ ಕೆಸರು. ನಮ್ಮ ಜಗುಲಿಯಲ್ಲಿ ಸೊಪ್ಪಿನ ರಾಶಿಯ ಪಕ್ಕ ಕೂತು, "ಕೈ ಕೈಯ ಕೆಲಸ ಮಾಡ್ಲಿ, ಬಾಯಿ ಸ್ವರ ಹೇಳ್ಲಿ. ಹೂಂ, ಗಪದಪ ಗರಿಸ..." ಅಂತ ಶುರು ಮಾಡಿದರು. ನಮ್ಮಜ್ಜಿ ಬಿಡುತ್ತಾಳೆಯೇ?

"ಸುಮ್ಕೆ ಕೂತ್ರೆ ಆಗಕಿಲ್ಲ ಮೇಷ್ಟ್ರೇ. ನೀವೂ ಒಂದು ಕಡ್ಡಿ ಕಟ್ಟಿ."

"ಕಲ್ಸಿಕೊಡಿ, ಕಟ್ತೀನಿ" ಅಂದರು ಮೇಷ್ಟ್ರು. ನಾಲ್ಕು ಕಡ್ಡಿ ಕಟ್ಟುವಷ್ಟರಲ್ಲಿ ಬೆರಳೆಲ್ಲ ಕಪ್ಪು ಅಂಟು. ಐದನೆಯದಕ್ಕೆ ಹಸಿ ಘಾಟು ತಲೆಗೇರಿ ಹಿತ್ತಲಿಗೆ ಓಡಿ ವಾಂತಿ ಮಾಡಿಕೊಂಡರು. ಅಜ್ಜಿ ನಿಂಬೆಹಣ್ಣಿನ ಪಾನಕ ಮಾಡಿಕೊಟ್ಟು, "ನಿಮ್ ಸರಿಗಮ ಇದಕ್ಕಿಂತ ಸಲೀಸು ಬುಡಿ" ಅಂತ ನಕ್ಕಳು. ಮರುದಿನ ಮೇಷ್ಟ್ರು ಮತ್ತೆ ಹಾಜರ್. ಬಟ್ಟೆ ಬೇರೆ, ಉತ್ಸಾಹ ಅದೇ.

ನಾನು ಮನೆಯಲ್ಲೇ ಅಭ್ಯಾಸ ಮಾಡಲಿ ಅಂತ ಹಾರ್ಮೋನಿಯಂ ನಮ್ಮ ಮನೆಯಲ್ಲೇ ಬಿಟ್ಟುಹೋದರು. "ಹುಷಾರು ಕಣಮ್ಮ" ಅಂದರು. ಅಷ್ಟೇ ಅಂದದ್ದು.

ನಿಜವಾಗಲೂ ಹುಷಾರಾಗೇ ಇದ್ದೆ, ಅದೇ ತಪ್ಪಾಯಿತು. ಆ ಮಳೆಗೆ ಗೋಡೆಯೆಲ್ಲ ಥಂಡಿ ಹಿಡಿದಿತ್ತು. ಹಾರ್ಮೋನಿಯಂನ ಮನೆಗಳು, ಅಂದರೆ ಬೆರಳಲ್ಲಿ ಒತ್ತುವ ಪಟ್ಟಿಗಳು, ಊದಿಕೊಂಡು, ಒತ್ತಿದ್ದು ಮೇಲೆ ಬರುತ್ತಿರಲಿಲ್ಲ. ಪಂಚಮ ಒತ್ತಿದರೆ ಸಂಜೆಯವರೆಗೂ ಪಂಚಮವೇ. ನನಗೆ ಅಳು ಬಂತು. ಅಜ್ಜಿ ಪೆಟ್ಟಿಗೆ ಮುಟ್ಟಿ ನೋಡಿ, ಎಲೆ ನೋಡುವ ಹಾಗೇ ನೋಡಿ, ತೀರ್ಪು ಕೊಟ್ಟಳು. "ಥಂಡಿ ಹಿಡದದೆ ಕಣೆ. ಇವತ್ತು ಬ್ಯಾರನ್ನಿಗೆ ಸಣ್ಣ ಬೆಂಕಿ ಹಾಕವ್ರೆ. ಬಾಗಿಲ ಪಕ್ಕ ಇಟ್ಟುಬುಡು, ಸಂಜೆಗಂಟ ಹದವಾಗಿ ಒಣಗ್ತದೆ."

ನನಗೂ ಸರಿಯೇ ಅನ್ನಿಸಿತು. ನಮ್ಮ ಮನೆಯಲ್ಲಿ ಒದ್ದೆಯಾದದ್ದೆಲ್ಲ ಒಣಗುತ್ತಿದ್ದುದೇ ಅಲ್ಲಿ. ಅಪ್ಪ ತಿಂಡಿಗೆ ಹೋದಾಗ ಬ್ಯಾರನ್ನಿನೊಳಗೆ, ಬಾಗಿಲ ಮಗ್ಗುಲಿನ ಕತ್ತಲಲ್ಲಿ ಎರಡು ಇಟ್ಟಿಗೆ ಇಟ್ಟು ಅದರ ಮೇಲೆ ಹಾರ್ಮೋನಿಯಂ ಕೂರಿಸಿ ಬಂದೆ. ಆಮೇಲೆ ದೂರದ ಹೊಲಕ್ಕೆ ಸೊಪ್ಪು ಮುರಿಯಲು ಹೋದವಳು ಸಂಜೆ ಬಂದು ನೋಡಿದರೆ ಅಪ್ಪ ಬಾಗಿಲ ಸಂದಿಗೆಲ್ಲ ಒದ್ದೆ ಗೋಣಿ ತುರುಕಿ ಮುಗಿಸಿದ್ದರು. ಎಲೆ ಹಳದಿ ತಿರುಗುವವರೆಗೆ ಒಳಗಿನ ಹಬೆ ಆಚೆ ಬರಬಾರದು. ತಿರುಗಿದ ಮೇಲೆ ಬೆಂಕಿ ಏರುತ್ತಾ ಹೋಗುತ್ತದೆ, ಬೆಂದು ಮುಗಿಯುವ ತನಕ ಬಾಗಿಲು ತೆಗೆಯುವ ಮಾತೇ ಇಲ್ಲ. ತೆಗೆದರೆ ತಂಗಾಳಿ ಬಡಿದು ಎಲೆ ಕಪ್ಪಾಗುತ್ತದೆ, ಕಪ್ಪಾದ ಎಲೆ ತಿಪ್ಪೆಗೆ. ಇದು ನನಗೆ ಹುಟ್ಟಿದಾಗಿನಿಂದ ಗೊತ್ತಿದ್ದ ವಿಷಯ. ಅದಕ್ಕೇ ಒಂದು ದಿನ ಪೂರ್ತಿ ಹೊಟ್ಟೆನೋವು ಅಂತ ಮಲಗಿದ್ದೆ. ಕೊನೆಗೆ ಅಜ್ಜಿಯೇ ಅಪ್ಪನಿಗೆ ಹೇಳಿದಳು. ಅಪ್ಪ ತಲೆ ಮೇಲೆ ಕೈಹೊತ್ತು ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತುಬಿಟ್ಟರು.

ಆ ಹೊತ್ತಿಗೆ ಸರಿಯಾಗಿ ಬಂತು ಸೈಕಲ್ ಬೆಲ್ಲು.

"ಏನು, ಎಲ್ಲಾ ಹಿಂಗಿದೀರಿ?" ಅಂದರು ಮೇಷ್ಟ್ರು.

ಅಪ್ಪ ಹೇಳಲಾರದೆ ಹೇಳಿದರು. ಬ್ಯಾರನ್ ಬಾಗಿಲಲ್ಲಿ ಒಳಗೆ ತೂಗುಬಿಟ್ಟ ಥರ್ಮಾಮೀಟರು ನೋಡಲು ಅಂಗೈಯಗಲದ ಗಾಜಿನ ಕಿಂಡಿ ಇರುತ್ತಿತ್ತು. ಮೇಷ್ಟ್ರು ಅದಕ್ಕೆ ಹಣೆ ಆನಿಸಿ ಬ್ಯಾಟರಿ ಬಿಟ್ಟು ನೋಡಿದರು. ಬಹಳ ಹೊತ್ತು ನೋಡಿದರು. ನಾನು ಅಜ್ಜಿಯ ಸೆರಗಿನ ಹಿಂದೆ. ಹೊಡೆದುಬಿಟ್ಟರೆ ಸಾಕಪ್ಪಾ ಅನ್ನಿಸುತ್ತಿತ್ತು.

ಅಪ್ಪ ಎದ್ದು ಅಗುಳಿಗೆ ಕೈ ಹಾಕಿದರು. "ನಿಮ್ಮಪ್ಪಾರ ಪೆಟ್ಟಿಗೆ ಅಂತೀರ. ತೆಗೆದುಬುಡ್ಲಾ ಮೇಷ್ಟ್ರೇ?"  

"ಎಲೆ ತಿರುಗಿದ್ಯಾ?" ಅಂತ ಕೇಳಿದರು ಮೇಷ್ಟ್ರು.

"ಈಗ್ತಾನೆ ತಿರುಗ್ತಾ ಅದೆ."

"ಹಾಗಾದ್ರೆ ಕೈ ತೆಗೀರಿ. ಮಕ್ಕಳಿಗೆ ಅನ್ನ ಹಾಕೋ ಎಲೆ ಅದು. ನಾನೂ ಅದ್ರಲ್ಲಿ ನಾಲ್ಕು ಕಡ್ಡಿ ಕಟ್ಟಿದೀನಿ" ಅಂದು, ಅಂಗಿಯ ತೋಳಿನಲ್ಲಿ ಮುಖ ಒರೆಸಿಕೊಂಡರು. ಸೆಖೆಗೋ ಬೇರೆಯದಕ್ಕೋ ನನಗೆ ಗೊತ್ತಾಗಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ, "ಬಾರಮ್ಮ ಇಲ್ಲಿ. ಇನ್ನು ನಾಲ್ಕು ದಿನ ಇದೆ. ಹಾರ್ಮೋನಿಯಂ ನುಡಿಸೋದನ್ನೆಲ್ಲ ನೀನು ಬಾಯಲ್ಲಿ ಹಾಡ್ತೀಯ" ಅಂದರು. ಅಳುತ್ತಾ ಅಳುತ್ತಾ ಷಡ್ಜ ಹಿಡಿದೆ. ಬಲಗಡೆಯ ಹುಬ್ಬು ಮೇಲೇರಿತು. ಆಮೇಲೆ ಅಳು ನಿಂತಿತು.

ಹದಿನಾಲ್ಕನೇ ತಾರೀಖು ಬ್ಯಾರನ್ ತೆಗೆದರು. ಎಲೆ ಚಿನ್ನದ ಬಣ್ಣಕ್ಕೆ ಬಂದಿತ್ತು, ಆ ವರ್ಷ ಅಷ್ಟು ಒಳ್ಳೆಯ ಹದ ಮತ್ತೆ ಬರಲಿಲ್ಲ. ಹಾರ್ಮೋನಿಯಂ ಗೋಂದೆಲ್ಲ ಕರಗಿ ಹಲಗೆ ಸೀಳಿತ್ತು, ತಿದಿಯ ಬಟ್ಟೆ ಕಿತ್ತುಬಂದಿತ್ತು, ಮನೆಗಳು ಅಲುಗಾಡುತ್ತಿದ್ದವು. ಅಪ್ಪ ಅದನ್ನು ಹೊಸ ಟವಲಿನಲ್ಲಿ ಸುತ್ತಿ ತಾವೇ ಹೆಗಲ ಮೇಲೆ ಹೊತ್ತು ಸ್ಕೂಲಿಗೆ ಬಂದರು. ಮೇಷ್ಟ್ರು ತಿದಿ ಒತ್ತಿದರು. ಸ್ವರ ಬರಲಿಲ್ಲ, ಬಿಸಿ ಹೊಗೆಸೊಪ್ಪಿನ ಸಿಹಿ ವಾಸನೆ ಬುಸ್ಸೆಂದು ಬಂತು. ಮೊದಲು ನಕ್ಕದ್ದು ಮೇಷ್ಟ್ರೇ. "ಹದ ಚೆನ್ನಾಗಿ ಬಂದಿದೆ ಕಣ್ರೀ" ಅಂದರು. ಮಂಜ ಬಿದ್ದು ಬಿದ್ದು ನಕ್ಕ. ಅಪ್ಪ ಮಾತ್ರ ನಗಲಿಲ್ಲ, ಕೈಮುಗಿದು ಹೋದರು.

ಮಾರನೇ ದಿನ ಪಿರಿಯಾಪಟ್ಟಣದ ಮೈದಾನ. ಪಟ್ಟಣದ ಸ್ಕೂಲಿನವರು ಜರಿ ಪಟ್ಟಿಯ ಯೂನಿಫಾರ್ಮು, ಫಳಫಳ ಹೊಳೆಯುವ ಬ್ಯಾಂಡು ಸೆಟ್ಟಿನ ಜೊತೆ ಬಂದಿದ್ದರು. ನಾವು ಇಸ್ತ್ರಿ ಇಲ್ಲದ ನೀಲಿ ಲಂಗ, ಚಡ್ಡಿ, ಅಂಟು ಬಿಡದ ಕಪ್ಪು ಬೆರಳು. ಕೈ ಖಾಲಿ ಬಿಟ್ಟುಕೊಂಡು ಮೈಕಿನ ಮುಂದೆ ನಿಂತ ನನ್ನನ್ನು ನೋಡಿ ಮುಂದಿನ ಸಾಲಿನವರು ಕಿಸಕ್ಕೆಂದರು. ಮೇಷ್ಟ್ರು ಬೆನ್ನು ಜನಕ್ಕೆ, ಮುಖ ನಮಗೆ ಮಾಡಿ ನಿಂತು ಕೈ ಎತ್ತಿದರು. ಮೈದಾನ ಹೋಯಿತು, ಜನ ಹೋದರು, ಆ ಎರಡು ಕೈ ಅಷ್ಟೇ ಉಳಿಯಿತು. ನಾನು ಹಾಡಿದೆ. ಕೊಳಲುಗಳು ನನ್ನ ಹಿಂದೆ ಬಂದವು, ಮಂಜನ ಡ್ರಮ್ಮು ಎಲ್ಲಿ ಬೇಕೋ ಅಲ್ಲಿ ಬಿತ್ತು. ಎರಡನೇ ಸುತ್ತಿನಲ್ಲಿ ಗಾಬರಿಗೆ ನಾನು ತಾಳ ಮೀರಿ ಓಡಿದೆ. ಕೊಳಲು ಹಿಂದೆ ಬಿದ್ದವು. ಸೇರಿಕೊಳ್ಳುವಷ್ಟರಲ್ಲಿ ನಡೆಯೇ ಮುಗಿಯಿತು. ಅರ್ಧ ಜನ ಚಪ್ಪಾಳೆ ತಟ್ಟಿದರು, ಇನ್ನರ್ಧ ಜನ ಲಾಡು ಹಂಚುವ ಕಡೆ ತಿರುಗಿದ್ದರು.

ಪ್ರೈಜು ಪಟ್ಟಣದವರಿಗೆ ಹೋಯಿತು. ಮೇಷ್ಟ್ರು ಹದಿನಾಲ್ಕು ಜನಕ್ಕೂ ಹೋಟೆಲಿನಲ್ಲಿ ಮಸಾಲೆದೋಸೆ ಕೊಡಿಸಿ, ಒಬ್ಬೊಬ್ಬರು ಎಲ್ಲೆಲ್ಲಿ ಚೆನ್ನಾಗಿ ನುಡಿಸಿದರು ಅಂತ ಹೇಳಿದರು. ನಾನು ನನ್ನ ದೋಸೆಯನ್ನು ಮಂಜನ ತಟ್ಟೆಗೆ ಜರುಗಿಸಿದೆ.

ಮುಂದಿನ ಜೂನ್‌ನಲ್ಲಿ ಟೈಮ್ ಟೇಬಲ್ ಬರೆದಾಗ ಸಂಗೀತದ ಜಾಗದಲ್ಲಿ ಗಣಿತ ಇತ್ತು. ಮೇಷ್ಟ್ರು ಬರಲಿಲ್ಲ. ಯಾರೂ ನನಗೆ ಒಂದು ಮಾತೂ ಅನ್ನಲಿಲ್ಲ, ಮಂಜ ಕೂಡ. ಅನ್ನಬೇಕಾಗಿಯೂ ಇರಲಿಲ್ಲ. ಪೆಟ್ಟಿಗೆ ಬೇಯಿಸಿದವಳು ನಾನು, ಮೈಕಿನ ಮುಂದೆ ಓಡಿದವಳು ನಾನು, ಮೇಷ್ಟ್ರನ್ನು ಕಳಿಸಿದವಳೂ ನಾನೇ. ಅವತ್ತಿನಿಂದ ಹಾಡುವುದನ್ನು ಬಿಟ್ಟೆ. ಬಚ್ಚಲಲ್ಲಿ ಕೂಡ ಗುನುಗಲಿಲ್ಲ. ಮದುವೆಯಾಗಿ ಹುಣಸೂರಿಗೆ ಬಂದ ಮೇಲೆ, ಆರತಿ ಹಾಡು ಹೇಳು ಅಂತ ಅತ್ತೆ ಕೇಳಿದರೆ, "ನಂಗೆ ಬರಲ್ಲ ಅತ್ತೆ" ಅಂದುಬಿಟ್ಟೆ. ಅವರು ನಂಬಿದರು.

ಹದಿನೆಂಟು ವರ್ಷ ಆದ ಮೇಲೆ ಕೆ.ಆರ್. ನಗರದಲ್ಲಿ ಒಂದು ಮದುವೆಯ ಊಟದ ಸಾಲಿನಲ್ಲಿ ಆ ತಗ್ಗಿದ ಭುಜ ಕಂಡಿತು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಹೆಸರು ಹೇಳಿದ್ದೇ ತಡ, ಎಲೆ ಮುಂದೆಯೇ ಎಡಗೈಯಲ್ಲಿ ನನ್ನ ತಲೆ ಸವರಿದರು. ನಾನು ತಡೆಯಲಾರದೆ ಎಲ್ಲವನ್ನೂ ಒದರಿದೆ. ನನ್ನಿಂದಲೇ ಪೀರಿಯಡ್ ಹೋಯಿತು, ನಿಮ್ಮ ಅನ್ನ ಹೋಯಿತು, ಕ್ಷಮಿಸಿಬಿಡಿ ಸಾರ್ ಅಂದೆ.

ಅವರು ತುತ್ತು ಕೆಳಗಿಟ್ಟರು. "ಏನು ಮಗಾ ನೀನು? ಜುಲೈನಲ್ಲೇ ಹೆಡ್ ಮೇಷ್ಟ್ರು ಕರೆದು ಹೇಳಿದ್ರಲ್ಲ, ಮುಂದಿನ ವರ್ಷದಿಂದ ಸಂಗೀತ ಇರಲ್ಲ ಅಂತ. ಪ್ರೈಜು ಬಂದಿದ್ರೂ ಅಷ್ಟೇ. ನಿಮಗೆಲ್ಲ ಹೇಳಿ ಮನಸ್ಸು ಯಾಕೆ ಕೆಡಿಸೋದು ಅಂತ ಸುಮ್ಮನಿದ್ದೆ."

"ಮತ್ಯಾಕೆ ಸಾರ್ ಆ ಮಳೇಲಿ ಮನೆಮನೆಗೆ ಬಂದ್ರಿ?"

ಅವರಿಗೆ ನಾನು ಏನು ಕೇಳುತ್ತಿದ್ದೇನೆ ಅನ್ನುವುದೇ ಹೊಳೆಯಲಿಲ್ಲ ಅಂತ ಕಾಣುತ್ತದೆ. "ಆಗಸ್ಟ್ ಹದಿನೈದಕ್ಕೆ ಇನ್ನೂ ಒಂದು ತಿಂಗಳಿತ್ತಲ್ಲವ್ವಾ" ಅಂದರು.

ವಾಪಸ್ ಬರುವಾಗ ಬಸ್ಸಿನಲ್ಲಿ ಹುಣಸೂರು ಮುಟ್ಟುವ ತನಕ ಅಳುತ್ತಲೇ ಇದ್ದೆ. ಪಕ್ಕದಲ್ಲಿದ್ದ ಹೆಂಗಸು ಯಾರೋ ಸತ್ತಿದ್ದಾರೆ ಅಂದುಕೊಂಡು ಬೆನ್ನು ಸವರಿದಳು. ಈಗ ನನ್ನ ಮಗನ ಸ್ಕೂಲಿನಲ್ಲಿ ಆಗಸ್ಟ್ ಹದಿನೈದಕ್ಕೆ ಸ್ಪೀಕರಿನಲ್ಲಿ ಹಾಡು ಹಾಕುತ್ತಾರೆ, ಮಕ್ಕಳು ಅದಕ್ಕೆ ಹೆಜ್ಜೆ ಹಾಕುತ್ತವೆ. ಅದರಲ್ಲಿ ಒಂದು ತಪ್ಪೂ ಇರುವುದಿಲ್ಲ. ಒಂದು ತಿಂಗಳಿದೆ ಅನ್ನುವ ಅಷ್ಟಕ್ಕೇ ಕೆಸರಿನಲ್ಲಿ ಸೈಕಲ್ ತುಳಿದು ಬರುವ ಮನುಷ್ಯ ನನ್ನ ಮಗನಿಗೆ ಸಿಕ್ಕಿಲ್ಲ. ನನಗೆ ಸಿಕ್ಕಿದ್ದರು. ಸಿಕ್ಕಿಯೂ, ಅವರು ಕೊಟ್ಟದ್ದನ್ನು ನನ್ನ ಕೈಯಾರೆ ಹದಿನೆಂಟು ವರ್ಷ ಮುಚ್ಚಿಟ್ಟೆ. ಮೊನ್ನೆ ಮನೆಯಲ್ಲಿ ಯಾರೂ ಇಲ್ಲದಾಗ ಷಡ್ಜ ಹಿಡಿದು ನೋಡಿದೆ. ದನಿ ಮೂರನೇ ಸ್ವರ ಗಾಂಧಾರದವರೆಗೆ ಹೋಗಿ ನಿಂತುಬಿಟ್ಟಿತು.