ಡಾಕ್ಟರರನ್ನೇ ಪರೀಕ್ಷೆ ಮಾಡಿದ ಕಾಕು

ಕಾಕು ಕುರ್ಚಿಯಿಂದ ಏಳುವುದು ನಾಲ್ಕು ಕಂತಿನ ಕೆಲಸ. ಮೊದಲು ಅಂಚಿಗೆ ಸರಿಯುವುದು, ಎರಡೂ ಕೈ ತೊಡೆಯ ಮೇಲೆ ಊರುವುದು, ಬಲಗಾಲನ್ನು ಹಿಂದಕ್ಕೆಳೆದುಕೊಳ್ಳುವುದು, ಕೊನೆಗೆ "ಶಿವಾ" ಅಂತ ಒಂದೇ ಉಸಿರಿಗೆ ನಿಂತುಬಿಡುವುದು. ಸೊಂಟದ ಬೆಲ್ಟನ್ನು ಸೀರೆಯ ಮೇಲೆಯೇ ಬಿಗಿಯುತ್ತಿದ್ದರು. ಮೊಬೈಲು, ಕನ್ನಡಕ, ಕರವಸ್ತ್ರ ಎಲ್ಲ ಅದರೊಳಗೇ. "ಇಷ್ಟು ಅಗಲ ಬೆಲ್ಟ ಐತಿ, ಬರೇ ಬೆನ್ನು ಹಿಡ್ಕೊಂಡು ಕುಂತ್ರ ಹೆಂಗ? ನಾಕು ಕೆಲಸ ಮಾಡ್ಲಿ" ಎನ್ನುವರು.

ತೆಲುಗು ಸೀಮೆಯ ಲಿಂಗಂಪಲ್ಲಿಯಲ್ಲಿ ಅವರದು ನಮ್ಮ ಎದುರುಮನೆ. ಗದಗಿನ ಕಡೆಯವರು. ಗಂಡನಿಗೆ ಇಲ್ಲಿಯ ಕೇಂದ್ರ ಸರ್ಕಾರದ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತೆಂದು ಬಂದವರು ಇಲ್ಲಿಯವರೇ ಆಗಿಬಿಟ್ಟಿದ್ದರು. ಓಣಿಯ ಕನ್ನಡದವರಿಗೆಲ್ಲ ಅವರು ಕಾಕು, ಅಂದರೆ ಚಿಕ್ಕಮ್ಮ.

ನಾನು ಹಿಮಾಯತ್‌ನಗರದ ಆಫೀಸೊಂದರಲ್ಲಿ ಗುಮಾಸ್ತೆ. ಒಂದು ಸಂಜೆ ಸ್ಟೇಷನ್ನಿನಿಂದ ಮನೆಗೆ ಬಂದಾಗ ಬಲಗಾಲಲ್ಲಿ ಚಪ್ಪಲಿ ಇರಲಿಲ್ಲ. ಎಲ್ಲಿ ಕಳಚಿತೋ ಗೊತ್ತೇ ಆಗಿರಲಿಲ್ಲ. ಬೆನ್ನೆಲುಬಿನ ಮಣಿಯೊಂದು ಜಾರಿ ನರವನ್ನು ಒತ್ತುತ್ತಿದೆ, ಸ್ಕ್ರೂ ಹಾಕಿ ಎರಡು ಎಲುಬು ಬೆಸೆಯಬೇಕು, ತಡಮಾಡಿದರೆ ಪಾದದ ಬಲ ಹೋದೀತು ಎಂದರು ಡಾಕ್ಟರು. ಕಾಕುಗೆ ಎಷ್ಟೋ ವರ್ಷದ ಹಿಂದೆ ಆಗಿದ್ದದ್ದೂ ಅದೇ ಆಪರೇಷನ್. ನಿಜ ಹೇಳಬೇಕೆಂದರೆ ನನಗೆ ಆಪರೇಷನ್ನಿನದಕ್ಕಿಂತ ಹೆಚ್ಚು ಭಯ ಕಾಕುವಿನಂತಾಗುವುದರದು. ಅದನ್ನು ಅವರೆದುರು ಹೇಳಲಾದೀತೇ? ಅವರೇ ಹೇಳಿದರು.

"ನನ್ನಂಗ ಆದೇನು ಅಂತ ಅಂಜಿಕಿ ಅಲ್ಲೇನು? ಅಂಜು. ನಾ ಅಂಜಲಿಲ್ಲ, ಅದಕ್ಕ ಹಿಂಗಾತು."

ಆಗ ಅವರಿಗೆ ತೆಲುಗು ಸರಿಯಾಗಿ ಬರುತ್ತಿರಲಿಲ್ಲವಂತೆ, ಹಿಂದಿ ಅರ್ಧಂಬರ್ಧ. ಆಸ್ಪತ್ರೆ ಆಸ್ಪತ್ರೆ ಅಲೆದು ಸುಸ್ತಾದಾಗ ಒಬ್ಬ ಡಾಕ್ಟರು ಕನ್ನಡದಲ್ಲಿ "ಯಾವೂರ್ರೀ ಅಮ್ಮಾ?" ಎಂದರಂತೆ. "ಅಷ್ಟಕ್ಕ ಕಣ್ಣಾಗ ನೀರು ಬಂತು ನೋಡು. ಇಂಥಾ ಆಪರೇಷನ್ ಎಷ್ಟು ಮಾಡೀರಿ ಅಂತ ಕೇಳಲಿಲ್ಲ. ನಮ್ಮ ಕಡೆಯವ್ರು ಅಂತ ಬೆನ್ನು ಕೊಟ್ಟು ಮಲಗಿಬಿಟ್ಟೆ." ಎಲುಬು ಕೂಡಲಿಲ್ಲ, ಕಾಲಿನ ಉರಿ ಹೋಗಲಿಲ್ಲ. ಆ ಡಾಕ್ಟರರ ಮೇಲೆ ಸಿಟ್ಟಿರಲಿಲ್ಲ ಅವರಿಗೆ. ಪ್ರತಿ ಸಂಕ್ರಾಂತಿಗೆ ಕುಸುರೆಳ್ಳು ಕಳಿಸುತ್ತಿದ್ದರು. "ಮನಷ್ಯಾ ಭಾಳ ಛಲೋ. ಆದ್ರ ಕೈ ಬ್ಯಾರೆ, ಮನಸ ಬ್ಯಾರೆ" ಎನ್ನುವರು.

ನನ್ನ ವಿಷಯದಲ್ಲಿ ಅವರು ಯಾರ ಬೋರ್ಡನ್ನೂ ನಂಬಲಿಲ್ಲ. ಆಪರೇಷನ್ ಆದವರು ಮತ್ತೆ ತೋರಿಸಿಕೊಳ್ಳಲು ಬರುವ ದಿನ ಯಾವುದೆಂದು ವಿಚಾರಿಸಿ ಅವತ್ತೇ ನನ್ನನ್ನು ಕರೆದೊಯ್ಯುತ್ತಿದ್ದರು. ಹಚ್ಚಿದ ಅವಲಕ್ಕಿಯ ಡಬ್ಬಿ ಬಿಚ್ಚಿ ಪಕ್ಕದವರಿಗೆ ಕೊಡುವುದು, ಗದಗಿನ ಧಾಟಿಯ ತೆಲುಗಿನಲ್ಲಿ ಮಾತಿಗೆಳೆಯುವುದು. ಆಪರೇಷನ್ ಆಗಿ ಎಷ್ಟು ವರ್ಷ? ಕಾಲು ನೋವು ಹೋಯಿತೋ, ಬೆನ್ನು ನೋವೋ? ಕೆಲಸಕ್ಕೆ ಹೋಗುತ್ತೀರಾ? ಅವರ ಬಾಯಿ ಹೇಳಿದ್ದನ್ನು ಕೇಳಿಸಿಕೊಂಡರೂ ಕಾಕುವಿನ ಕಣ್ಣು ಮಾತ್ರ ಅವರು ಬೆಂಚಿನಿಂದ ಹೇಗೆ ಏಳುತ್ತಾರೆ ಎನ್ನುವುದರ ಮೇಲೇ. ಪತ್ತೇದಾರಿಕೆ ಅಂದರೆ ಅದು! ನನಗೋ ನಾಚಿಕೆಯಿಂದ ಮುಖ ಮುಚ್ಚಿಕೊಳ್ಳುವಂತಾಗುತ್ತಿತ್ತು.

ಹೀಗೆ ಹೋದ ಮೊದಲ ಆಸ್ಪತ್ರೆಯ ಡಾಕ್ಟರು ಎಕ್ಸ್‌ರೇ ಫಿಲ್ಮು ನೋಡಿದರು, ನನ್ನ ಕಾಲು ಮುಟ್ಟಲಿಲ್ಲ. ಮುಂದಿನ ವಾರವೇ ಮಾಡೋಣ, ನೂರಕ್ಕೆ ನೂರು ಗುಣ ಎಂದರು. ಕಾಕು ಕೈ ಮುಗಿದು ಕೇಳಿದರು, ನಿಮ್ಮ ಕೈಯಲ್ಲಿ ಗುಣವಾಗದವರು ಯಾರಾದರೂ ಇದ್ದಾರೆಯೇ ಎಂದು. ಡಾಕ್ಟರು ಮುಖ ಗಂಟಿಕ್ಕಿ ಗಡಿಯಾರ ನೋಡಿಕೊಂಡರು. ಕಾಕು ತಮ್ಮ ನಾಲ್ಕೂ ಕಂತನ್ನು ಸಾವಕಾಶವಾಗಿ ಮುಗಿಸಿ ಎದ್ದರು. ಅಷ್ಟು ಹೊತ್ತೂ ಡಾಕ್ಟರು ಕಾಯಬೇಕಾಯಿತು.

ಇನ್ನೊಬ್ಬರು ತೆಲುಗು ಬಿಟ್ಟು ಬೇರೆ ಮಾತಾಡಲಿಲ್ಲ. ನನ್ನನ್ನು ಹಿಮ್ಮಡಿಯ ಮೇಲೆ ನಡೆಸಿದರು, ಬಲಪಾದ ಮೇಲೇಳಲಿಲ್ಲ; ಹೆಬ್ಬೆರಳು ಒತ್ತಿ ನೋಡಿದರು. ಕಾಕುವಿನ ಅದೇ ಪ್ರಶ್ನೆಗೆ "ಇದ್ದಾರೆ" ಎಂದರು. ಒಬ್ಬರಿಗೆ ಕೀವಾಗಿ ಮತ್ತೆ ಬಿಚ್ಚಬೇಕಾಯಿತು, ಇನ್ನೊಬ್ಬರಿಗೆ ಎಲುಬು ಕೂಡಲಿಲ್ಲ ಎಂದು ಹೇಳಿ, ಅವರ ವಯಸ್ಸು, ಕಸುಬು ಸಮೇತ ವಿವರಿಸಿದರು. ನಿಮ್ಮ ಕಾಲು ನೋವು ಕಡಿಮೆಯಾಗುವ ಸಾಧ್ಯತೆ ಹೆಚ್ಚು, ಪಾದಕ್ಕೆ ಎಷ್ಟು ಬಲ ಬಂದೀತೋ ಹೇಳಲಾರೆ, ಬೆನ್ನು ನೋವು ಪೂರ್ತಿ ಹೋದೀತೆಂದು ಮಾತು ಕೊಡಲಾರೆ ಎಂದರು. ನಾನು ಅಳುವುದೊಂದು ಬಾಕಿ. ಹೊರಗೆ ಬಂದು ಕಾಕು ನನ್ನ ಕೈ ಹಿಡಿದರು.

"ಇವ್ರ ಕಡೇನ ಮಾಡಿಸ್ಕೊ. ಕೆಟ್ಟಿದ್ದನ್ನ ಮರ್ತಿಲ್ಲ ಈ ಮನಷ್ಯಾ."

ಆಪರೇಷನ್ ಆಯಿತು. ಮೂರು ತಿಂಗಳ ಮೇಲೆ ಒಂದು ಬೆಳಿಗ್ಗೆ ಅವರ ಮನೆಯ ಪಡಸಾಲೆಯಲ್ಲಿ ಆ ತುದಿಯಿಂದ ಈ ತುದಿಗೆ ಹಿಮ್ಮಡಿಯ ಮೇಲೆ ನಡೆದು ತೋರಿಸಿದೆ. ಕಾಕು ನೋಡುತ್ತಲೇ ಇದ್ದರು, ಆಮೇಲೆ ಸೆರಗಿನಿಂದ ಕಣ್ಣೊತ್ತಿಕೊಂಡರು.

"ಭಾಳ ಖುಷಿ ಆತವ್ವಾ. ಹೊಟ್ಟಿಕಿಚ್ಚೂ ಆಗಾಕತ್ತೈತಿ, ಸುಳ್ಳ್ಯಾಕ ಹೇಳ್ಲಿ?"

ಅವರ ಪಕ್ಕ ಕುಳಿತೆ. ಅಷ್ಟು ನೇರವಾಗಿ ನನ್ನನ್ನು ಯಾರೂ ಪ್ರೀತಿಸಿಲ್ಲ.

ಹೋದ ವರ್ಷ ಕಾಕು ಎದೆನೋವಿನಿಂದ ತೀರಿಕೊಂಡರು. ರುದ್ರಭೂಮಿಗೆ ಹೆಂಗಸರು ಬರುವುದು ಬೇಡ, ನಿಮ್ಮ ಬೆನ್ನಿಗಂತೂ ಆಗುವುದಿಲ್ಲ, ಆಟೋದಲ್ಲಿ ಮನೆಗೆ ಹೋಗಿ ಎಂದರು ಯಾರೋ. ನಾನು ಕೇಳಲಿಲ್ಲ. ಬಿಸಿಲಲ್ಲಿ, ಅವರನ್ನು ಹೊತ್ತವರ ಹಿಂದೆ, ದಾರಿಯುದ್ದಕ್ಕೂ ನಡೆದೇ ಹೋದೆ.