ಸೋಲಾರಿಗೆ ಚೆಂಡುಹೂವು

ಚಿನಕುರಳಿಯ ನಮ್ಮ ಕೊಟ್ಟಿಗೆಯ ಶೀಟಿನ ಮೇಲೆ ಒಂದು ಪುಟ್ಟ ಸೋಲಾರ್ ಪ್ಯಾನೆಲ್ ಇದೆ. ಹಗಲೆಲ್ಲ ಹಸುಗಳಿಗೆ ಫ್ಯಾನ್ ತಿರುಗಿಸುವುದಷ್ಟೇ ಅದರ ಕೆಲಸ. ಊರ ಪಕ್ಕದ ಕಲ್ಲು ಕ್ವಾರಿಯ ದೂಳು ಕೂತರೆ ಅವ್ವ ಅದನ್ನು ಹಸುವಿನ ಮೈ ತೊಳೆದಷ್ಟೇ ಅಕ್ಕರೆಯಿಂದ ತೊಳೆಯುತ್ತಾಳೆ.

ಈ ಸಲದ ಆಯುಧಪೂಜೆಯ ಬೆಳಿಗ್ಗೆ ಜಗಲಿಯಲ್ಲಿ ಕೂತು ಪೇಪರ್ ಓದುತ್ತಿದ್ದೆ. ಮನೆಯವರೇ ಇಂಥ ಪ್ಯಾನೆಲ್ ತಂದು ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿಕೊಂಡು ಮನೆಗೆ ಕರೆಂಟು ಪಡೆಯಬಹುದೆಂದು ಹೊರದೇಶಗಳಲ್ಲಿ ಕಾನೂನೇ ಬಂದಿದೆಯಂತೆ. ನಮ್ಮಲ್ಲಿ ಯಾವಾಗಲೋ ಎಂದು ಗೊಣಗುವಷ್ಟರಲ್ಲಿ ಕೊಟ್ಟಿಗೆಯ ಫ್ಯಾನ್ ನಿಂತಿತು. ಹೋಗಿ ನೋಡಿದರೆ ಅವ್ವ ಏಣಿ ಹತ್ತಿ, ಪ್ಯಾನೆಲ್ಲಿಗೆ ಕುಂಕುಮ ಇಟ್ಟು, ಅದರ ತುಂಬ ಚೆಂಡುಹೂವಿನ ಹಾರ ಹೊದಿಸಿದ್ದಳು.

"ನೆರಳು ಬಿದ್ರೆ ಅದು ಕೆಲಸ ಮಾಡಲ್ಲ ಕಣವ್ವ," ಎಂದು ರೇಗಿದೆ. ಆ ಕಾನೂನಿನ ಸುದ್ದಿಯನ್ನೂ ಓದಿ ಹೇಳಿದೆ.

ಅವ್ವ ಪೂರ್ತಿ ಕೇಳಿಸಿಕೊಂಡಳು. "ಒಳ್ಳೇದೇ ಕಣ್ಲಾ, ನಮ್ಗೂ ಬರ್ಲಿ. ಆದ್ರೆ ನೇಗಿಲು, ಮಚ್ಚು, ಕುಡ್ಲು ಎಲ್ಲಕ್ಕೂ ಇವತ್ತು ರಜ. ಇದುಕ್ಕೂ ಅಂಗೇ ರಜ ಕೊಡ್ಬೇಕು ಅಂತ ಆ ಕಾನೂನಲ್ಲಿ ಬರ್ದವ್ರಾ?"

ಸುದ್ದಿಯನ್ನು ಇನ್ನೊಮ್ಮೆ ಓದಿದೆ. ಬರೆದಿರಲಿಲ್ಲ. ಪೇಪರನ್ನು ಮಡಚಿ ಅದರಲ್ಲೇ ಹಸುಗಳಿಗೆ ಗಾಳಿ ಬೀಸುತ್ತ ಕೂತೆ.